ಒಂಬತ್ತನೆಯ ಪ್ರಾರ್ಥನೆ

ಈ ವರ್ಷ ಬೀದಿಗೆ ಮೆರವಣಿಗೆ ಇಲ್ಲ.
ಠಾಣೆಯಿಂದ ಬಂದವನು ಕಾಗದ ತರಲಿಲ್ಲ, ಬಾಯಲ್ಲೇ ಹೇಳಿದ:
ಶಿಲುಬೆ ಹೊರುವುದಾದರೆ ಒಳಗೇ ಹೊತ್ತುಕೊಳ್ಳಿ,
ಚರ್ಚಿನ ಮೆಟ್ಟಿಲು ಇಳಿಯಕೂಡದು.
ಹೋಗುವಾಗ ನನ್ನ ಬುಟ್ಟಿಯಿಂದ
ಬಾಳೆಲೆ ಸುತ್ತಿದ ಜೋಳದ ಕಡುಬು ಎರಡು ಎತ್ತಿಕೊಂಡ.
ಕಾಸು ಕೊಟ್ಟ. ಅದನ್ನೂ ಹೇಳಬೇಕು. ಕೊಟ್ಟ.

ನಿಕರಾಗುವಾದ ನಮ್ಮ ಈ ಊರಲ್ಲಿ
ಶುಭ ಶುಕ್ರವಾರದ ಹಿಂದಿನ ರಾತ್ರಿ ಯಾರೂ ಮಲಗುತ್ತಿರಲಿಲ್ಲ.
ಬಡಗಿಗಳ ಅಂಗಡಿಯಿಂದ ಮರದ ಹುಡಿ ತಂದು
ನೀಲಿ, ಕೆಂಪು, ಹಳದಿ ಕಲಸಿ
ಬೀದಿಯ ಕಲ್ಲಿನ ಮೇಲೆ ಸೊಂಟ ಬಿದ್ದುಹೋಗುವಂತೆ ಬಗ್ಗಿ
ಬಿಡಿಸುತ್ತಿದ್ದೆವು: ಮುಳ್ಳಿನ ಕಿರೀಟ, ಪೇತ್ರನ ಹುಂಜ,
ಪಿಲಾತ ಕೈ ತೊಳೆದ ಬಟ್ಟಲು.
ಬೆಳಗಾದರೆ ಪ್ರಭು ಅದರ ಮೇಲೆ ನಡೆದು ಹೋಗುತ್ತಿದ್ದ,
ಎಲ್ಲ ಕಲಸಿ ಒಂದೇ ಬಣ್ಣ.
ಅಳಿಸಲೆಂದೇ ಬರೆದದ್ದು.
ಅಳಿಸುವ ಕಾಲು ಯಾರದು ಎಂಬುದಷ್ಟೇ ನಮ್ಮ ಹಟ.

ಈ ಸಲ ಮೂರು ಮೂಟೆ ಹುಡಿ
ನನ್ನ ಮಂಚದ ಕೆಳಗೇ ಉಳಿದಿದೆ. ರಾತ್ರಿ ಕೆಮ್ಮು ಬರುತ್ತದೆ.

ಪಾದ್ರಿ ನೊರ್ಲಾನರನ್ನು ವಿಮಾನ ಹತ್ತಿಸಿ ಕಳಿಸಿದರು,
ಚಪ್ಪಲಿ ಮೆಟ್ಟಲೂ ಬಿಡಲಿಲ್ಲ.
ಓದಲು ಬರುತ್ತದೆಂಬ ಒಂದೇ ತಪ್ಪಿಗೆ
ಅವರು ನಿಲ್ಲುತ್ತಿದ್ದ ಕಡೆ ನಾನು, ದೊಮಿತಿಲಾ, ನಿಂತೆ.
ಮೂರನೆಯ ಬೆಂಚಿನಲ್ಲಿ ಯಾದೆರ್.
ತೊಡೆಯ ಮೇಲೆ ಫೋನು, ಅದರಲ್ಲೊಂದು ಕೆಂಪು ಚುಕ್ಕಿ.
ಅವನಿಗೆ ಪರಲೋಕ ಪ್ರಾರ್ಥನೆ ಕಲಿಸಿದವಳು ನಾನೇ.
‘ಕೇಡಿನಿಂದ ತಪ್ಪಿಸು’ ಅನ್ನುವಲ್ಲಿ
ಪ್ರತಿ ಸಲವೂ ಎಡವುತ್ತಿದ್ದ.

ಆ ದಿನದ ಬಿನ್ನಹಗಳು ಹತ್ತು.
ಸಭೆಗಾಗಿ, ಪೋಪರಿಗಾಗಿ,
ನಂಬುವವರಿಗಾಗಿ, ನಂಬದವರಿಗಾಗಿ,
ಎಂಟು ಸಲ ಮೊಣಕಾಲೂರಿದೆವು, ಎಂಟು ಸಲ
ಬೆಂಚು ಹಿಡಿದು ನರಳುತ್ತ ಎದ್ದೆವು.
ಒಂಬತ್ತನೆಯದು ಆಳುವವರಿಗಾಗಿ.

ಬಾಯಿ ತೆರೆದೆ. ಬರಲಿಲ್ಲ.

ನನ್ನ ಮಗ ಎಲಿಯೊದೋರೊ ಇದೇ ಚರ್ಚಿನ ಕದ ತೆರೆದು
ಗುಂಡು ತಗುಲಿದ ಹುಡುಗರನ್ನು ಒಳಗೆ ಬಿಟ್ಟವನು.
ಅದಕ್ಕೆ ಎಂಟು ವರ್ಷ.
ತಿಂಗಳಿಗೊಮ್ಮೆ ಜೈಲಿನ ಕಿಂಡಿಗೆ ಸೋಪು, ಓಟ್ಸ್ ಒಯ್ಯುತ್ತೇನೆ.
ಕಳೆದ ತಿಂಗಳು ಓಟ್ಸ್ ಇಟ್ಟುಕೊಂಡು ಸೋಪು ಹಿಂದಕ್ಕೆ ಕೊಟ್ಟರು.
ಯಾಕೆಂದು ಕೇಳಲಿಲ್ಲ.
ತಿನ್ನುವವನೊಬ್ಬ ಒಳಗಿದ್ದಾನೆ ಎಂದುಕೊಂಡು ಬಸ್ಸು ಹತ್ತಿದೆ.

ಪ್ರಭುವೇ, ಹಗೆಗಳನ್ನು ಪ್ರೀತಿಸಿ ಎಂದೆ, ಸರಿ.
ಆ ಮಾತು ಗಂಟಲು ದಾಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಿಲ್ಲ.
ಒಂದು ಮಗು ಮುಗೀತಾ ಎಂದು ಕೇಳಿತು.
ಯಾರೋ ಮೂಗು ಸೀಟಿದರು.
ಯಾದೆರ್ ತಲೆಯೆತ್ತಿ ನೋಡಿದ.
ಮೌನಕ್ಕೆ ಯಾವ ಕಲಮು ಹಾಕುತ್ತಾರೋ,
ಅವನಿಗೂ ಗೊತ್ತಿದ್ದಂತಿರಲಿಲ್ಲ.

ಕೊನೆಗೆ ನನ್ನ ಬಾಯಿಂದ ಬಂದದ್ದು ಪುಸ್ತಕದಲ್ಲಿಲ್ಲ:
ಆಳುವವರ ನಿದ್ದೆಗಾಗಿ ಬೇಡಿಕೊಳ್ಳೋಣ.
ನಿದ್ದೆ ಬಾರದವರು ನಡುರಾತ್ರಿ ಕಾನೂನು ಬರೆಯುತ್ತಾರೆ,
ಪ್ರಭುವೇ, ಅವರನ್ನು ಮಲಗಿಸು.
ಕನಸಿನಲ್ಲಿ ನಮ್ಮ ಬಾಗಿಲು ಬಡಿದು
ಅವರೂ ಒಮ್ಮೆ ಹೊರಗೆ ಕಾಯಲಿ.

ಮೊಣಕಾಲೂರಿ, ಅಂದೆ.
ಊರಿದರು. ಯಾದೆರನೂ.
ಅಭ್ಯಾಸಬಲವೋ ಮತ್ತೇನೋ, ನನಗೆ ತಿಳಿಯದು.
ಅವನ ಮೊಣಕಾಲು ಕಲ್ಲಿಗೆ ತಾಗಿದ ಸದ್ದು
ಆ ಫೋನಿನೊಳಗೆ ಹೋಗಿರಬೇಕು.

ಹತ್ತನೆಯದು ಸೆರೆಮನೆಗಳು ತೆರೆಯಲಿ ಎಂಬುದು.
ಅದನ್ನು ತಡವರಿಸದೆ ಓದಿದೆ, ಎರಡು ಸಲ.

ಆ ರಾತ್ರಿ ಮಂಚದ ಕೆಳಗಿನ ಮೂಟೆ ಎಳೆದು ಬಿಚ್ಚಿದೆ.
ಒಲೆಯಿಂದ ಹೊಸ್ತಿಲವರೆಗೆ ಹಾಸಿದೆ.
ಹೊಸ್ತಿಲಾಚೆ ಒಂದು ಚಿಟಿಕೆಯೂ ಬೀಳಗೊಡಲಿಲ್ಲ,
ಅಪ್ಪಣೆ ಅಪ್ಪಣೆಯೇ.
ಬೆಳಿಗ್ಗೆ ಪಕ್ಕದ ಮನೆಯ ಹೇಂಟೆ ಹಿತ್ತಲಿಂದ ನುಗ್ಗಿ
ಕಿರೀಟ ಕೆದಕಿ, ಬಟ್ಟಲು ತುಳಿದು,
ನೀಲಿ ಕಾಲಲ್ಲಿ ಬೀದಿಗಿಳಿದು
ಠಾಣೆಯ ಕಡೆ ಹೋಯಿತು.
ನಾನು ಕರೆಯಲಿಲ್ಲ.

ಮಂಗಳವಾರ ಕಿಂಡಿಯ ದಿನ.
ಸೋಪು ಮತ್ತೆ ಒಯ್ಯುತ್ತೇನೆ.