ವಾದಿ ಕಬೀರಿನಲ್ಲಿ ಹಲಗೆ ಆರಿಸುವುದು

ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು.
ಗಂಗೊಳ್ಳಿಯಲ್ಲಿ ದೋಣಿಗೆ ಹಲಗೆ ಆರಿಸುವಾಗ
ಸೋದರಮಾವ ಹೀಗೇ ಬಡಿಯುತ್ತಿದ್ದ, ಕಿವಿ ಹಚ್ಚಿ:
ಹೆಬ್ಬಲಸು ಠಣ್ ಅಂದರೆ ಬಂತು,
ಬೊದ್ ಅಂದರೆ ಒಲೆಗೆ.

ಇಲ್ಲಿ ಉಲ್ಟಾ.
ಸಬ್‌ವೂಫರಿನ ಪೆಟ್ಟಿಗೆಗೆ ಬೇಕಾದದ್ದು
ಎಷ್ಟು ಬಡಿದರೂ ಬಾಯಿಬಿಡದ ಹಲಗೆ.
ಹಾಡುವುದು ಸ್ಪೀಕರು, ಪೆಟ್ಟಿಗೆಯಲ್ಲ.
ಪೆಟ್ಟಿಗೆಯೂ ದನಿಗೂಡಿಸಿತೋ,
ಮದುವೆಮನೆಯಲ್ಲಿ ಯಾರೂ ಕೇಳದೆ
ಮೈಕು ಹಿಡಿದ ಚಿಕ್ಕಪ್ಪನ ಹಾಗೆ, ಎಲ್ಲ ಕೆಟ್ಟಿತು.

ಈ ಓಣಿಯಲ್ಲಿ ಹದಿನಾಲ್ಕು ವರ್ಷ.
ಆಚೆ ರೇಡಿಯೇಟರಿನವರು, ಈಚೆ ಸೀಟು ಹೊಲಿಯುವ ಮುಲ್ತಾನಿ,
ನಡುವೆ ಪಾಣೆಮಂಗಳೂರಿನ ಅದ್ದಾಕನ ಅಂಗಡಿ.
ಹಗಲಲ್ಲಿ ಶಟರು ಮುಟ್ಟಿದರೆ ಅಂಗೈ ಸುಡುತ್ತದೆ.

ಖಲ್ಫಾನ್ ಬಂದ, ಹಳೇ ಪಾಜೆರೋ ತಂದ.
"ಸದೀಕ್, ಆವಾಜ್ ಬಡಾ, ಪೈಸಾ ಥೋಡಾ."

ಪಾರ್ಟಿಕಲ್ ಬೋರ್ಡು ತೋರಿಸಿದೆ, ಅಗ್ಗ.
ಒಂದು ಸ್ಕ್ರೂ ಹಾಕಿ, ತೆಗೆದು, ಅದೇ ತೂತಿಗೆ ಮತ್ತೆ ಹಾಕಿದೆ:
ಚಹಾದಲ್ಲದ್ದಿದ ರಸ್ಕು.
ಅವನೇ ಬದಿಗೆ ತಳ್ಳಿದ.

ಆಮೇಲೆ ಎಂಡಿಎಫ್, ಹದಿನೆಂಟು ಮಿಲಿಮೀಟರು.
ಗಂಟಿಲ್ಲ, ನಾರಿಲ್ಲ, ಬುಡ ತುದಿಯಿಲ್ಲ,
ಯಾವ ಕಾಡಿನವನು ಎಂದರೆ ಅದಕ್ಕೇ ಗೊತ್ತಿಲ್ಲ.
ಕೊಯ್ದರೆ ಹಿಟ್ಟು. ಆ ಹಿಟ್ಟು ನನ್ನ ಎದೆಯೊಳಗೂ ಇದೆ,
ರಾತ್ರಿ ಕೆಮ್ಮಿದಾಗ ತಿಳಿಯುತ್ತದೆ.
ಭಾರ, ಮೌನ. ಕೆಲಸಕ್ಕೆ ಇದೇ ಸರಿ
ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.
ಆದರೆ ಮತ್ರಾದ ಕಡಲಗಾಳಿ
ಗಾಜಿನ ಮೇಲೆ ಬೆವರಾಗಿ ಇಳಿಯುವ ದಿನಗಳಲ್ಲಿ
ಇದರ ಅಂಚು ಇಡ್ಲಿಯಂತೆ ಉಬ್ಬುತ್ತದೆ,
ಉಬ್ಬಿದ್ದು ಇಳಿಯುವುದಿಲ್ಲ.

ಬರ್ಚ್ ಪ್ಲೈ. ಹದಿಮೂರು ಪದರ, ಹಿಮದ ದೇಶದ್ದು.
ಬೆಲೆ ಕೇಳಿ ಖಲ್ಫಾನ್ ನಕ್ಕ.

ಮೂಲೆಯಲ್ಲಿ ಮರೈನ್ ಪ್ಲೈ ಒಂದಿಷ್ಟು ಬಿದ್ದಿತ್ತು,
ಸೂರ್‌ನ ಹಡಗು ಕಟ್ಟುವವರಿಂದ
ಬಾಕಿಗೆ ಬದಲಾಗಿ ಅದ್ದಾಕ ಹೊತ್ತು ತಂದದ್ದು.
ಅದರ ಅಂಚು ಮೂಸಿದೆ. ಯಾಕೋ ಮೂಸಿದೆ.
ದೋಣಿಯಲ್ಲಿ ನೀರು ಒಳಗೆ ಬರಬಾರದು,
ಇಲ್ಲಿ ಗಾಳಿ ಹೊರಗೆ ಹೋಗಬಾರದು;
ಅಲ್ಲಿ ಹತ್ತಿ, ರಾಳ; ಇಲ್ಲಿ ಸಿಲಿಕಾನ್.
ಬಿರುಕು ಹುಡುಕುವ ಕಣ್ಣು ಅದೇ.

ಇದೇ ಸಾಕು ಎಂದು ರಿಯಾಲಿನ ಚೌಕಾಸಿ ನಡೆದಾಗ
ಹಿಂದಿನ ಸೀಟಿನಿಂದ ಒಬ್ಬ ಹುಡುಗ ಇಳಿದ.
ಹನ್ನೆರಡೋ ಹದಿಮೂರೋ. ಯಾರುಬ್, ತಮ್ಮನಂತೆ.
ಖಲ್ಫಾನ್ ತನ್ನ ಕಿವಿ ಮುಟ್ಟಿ ಕೈ ಅಲ್ಲಾಡಿಸಿದ, ಇಲ್ಲ ಎಂಬಂತೆ.
"ಗಾಡಿ ನನ್ನದು. ಡಬ್ಬಾ ಅವನದು."

ಮೇಜಿನ ಮೇಲೆ ಪರೀಕ್ಷೆಯ ಹನ್ನೆರಡು ಇಂಚು ಗುಡುಗುತ್ತಿತ್ತು.
ಒಂದೊಂದೇ ಹಲಗೆ ಅದಕ್ಕೆ ಮುಚ್ಚಿದೆ,
ಹುಡುಗ ಒಂದೊಂದರ ಮೇಲೂ ಅಂಗೈ ಊರಿ ನಿಂತ.
ಎಂಡಿಎಫ್: ತಲೆಯಾಡಿಸಿದ. ಮರೈನ್: ತಲೆಯಾಡಿಸಿದ.
ನಾನು ಮೆಚ್ಚಿದ ಯಾವುದನ್ನೂ ಅವನು ಮೆಚ್ಚಲಿಲ್ಲ.
ಕೊನೆಗೆ ತಾನೇ ಎಳೆದು ತಂದ,
ಏಸಿ ಪ್ಯಾಕಿಂಗಿನಿಂದ ಬಿಚ್ಚಿ ಬಿಸಾಡಿದ
ಒಂಬತ್ತು ಮಿಲಿಮೀಟರಿನ ಬಡಕಲು ಪ್ಲೈ.
ಬಾಯಿ ತೆರೆಯಿತು.
ನನ್ನ ಕೈ ಎಳೆದು ತನ್ನ ಕೈಯಡಿಗೆ ಒತ್ತಿಕೊಂಡ.
ಮರಿಮೀನು ತುಂಬಿದ ಬುಟ್ಟಿಯ ತಳ ಮುಟ್ಟಿದ ಹಾಗಾಯಿತು.

"ಬಡಬಡ ಅಂತದೆ ಮಾರಾಯ, ಅಂಗಡಿ ಹೆಸರು ಹಾಳು,"
ಅದ್ದಾಕ ಬೈದ. ತಪ್ಪೇನಿರಲಿಲ್ಲ.
ಐದು ಬದಿಗೆ ಮರೈನ್ ಹಾಕಿದೆ, ಅಂಟು ಹಚ್ಚಿ, ಕ್ಲಾಂಪು ಬಿಗಿದು,
ಇರುವೆಯ ಉಸಿರೂ ನುಸುಳದ ಹಾಗೆ.
ಹಿಂದಿನ ಸೀಟಿಗೆ ಒರಗುವ ಆರನೆಯ ಬದಿಗೆ
ಹುಡುಗ ಆರಿಸಿದ್ದು.

ಓಣಿ ದಾಟುವಾಗಲೇ ಅದು ಗೊರಗೊರ ಅಂದಿತು,
ಕೇಳಲಾರದೆ ಮುಲ್ತಾನಿ ಹೊಲಿಗೆ ನಿಲ್ಲಿಸಿದ.
ನನಗೂ ನಾಚಿಕೆ.
ಹಿಂದಿನ ಗಾಜಿನಲ್ಲಿ ಒಂದು ತಲೆ ಸೀಟಿಗೆ ಒರಗಿತ್ತು.

ಆ ಬದಿಗೆ ಒಳಗಿನಿಂದ ಒಂದು ಅಡ್ಡಪಟ್ಟಿ ಕೊಟ್ಟಿದ್ದರೆ
ಅರ್ಧ ಸದ್ದು ಅಡಗುತ್ತಿತ್ತು.
ಪಟ್ಟಿ ಕೊಯ್ದಿಟ್ಟಿದ್ದೆ, ಹಾಕಲಿಲ್ಲ.
ಅದ್ದಾಕನಿಗೆ ಇನ್ನೂ ಹೇಳಿಲ್ಲ.