ಸಣ್ಣಕ್ಷರದ ಋತು

ಮೊದಲ ದಿನ ನನ್ನ ಕೈಗೆ ಬಂದ ಇಂಗ್ಲಿಷ್ ಪದ
ತಂತಿಯದು, ತುಕ್ಕು ಹಿಡಿದದ್ದು.
'ಸ್ಪ್ರಿಂಗ್' ಅಂದಳು ಹೆಟ್ಟಿ ಬೂತ್‌ರಾಯ್ಡ್,
ಹಳೆ ಕುರ್ಚಿಗಳ ಹೊಟ್ಟೆ ಬಗೆದು ಮತ್ತೆ ಹೊಲಿಯುವವಳು,
ಎಪ್ಪತ್ತೊಂಬತ್ತರ ಮುದುಕಿ, ಬಾಯ್ತುಂಬ ಮೊಳೆ.
ಒತ್ತಿದೆ, ಬಗ್ಗಿತು. ಬಿಟ್ಟೆ:
ಚಿಮ್ಮಿ ಹೋಗಿ ಬೆಕ್ಕಿನ ಹಾಲಿಗೆ ಬಿತ್ತು.
ಬೆಕ್ಕು ಹಾರಿ ಕಪಾಟು ಹತ್ತಿತು.
'ಅದೂ ಸ್ಪ್ರಿಂಗೇ' ಅಂದಳು, ಬೆಕ್ಕನ್ನು ತೋರಿಸಿ.

ಆಮೇಲೆ ಆ ಪದ ಹೋದಲ್ಲೆಲ್ಲ ಎದುರಾಯಿತು,
ಸಣ್ಣ ಊರಿನ ಸಾಲಗಾರನ ಹಾಗೆ.
ಗುಡ್ಡದ ಮೇಲೆ ಕಲ್ಲುತೊಟ್ಟಿಗೆ ಒಸರುವ ಒರತೆ, ಸ್ಪ್ರಿಂಗ್.
ಮೂಲೆಯಂಗಡಿಯಲ್ಲಿ ರಬ್ಬರ್ ಬ್ಯಾಂಡು ಬಿಗಿದ ಎಳೆ ಈರುಳ್ಳಿ,
ಡಿಸೆಂಬರಿನ ಹಿಮದಲ್ಲೂ ಸ್ಪ್ರಿಂಗ್.
ಮಂಡಿ ಹಿಡಿದು ಏಳುತ್ತ ಹೆಟ್ಟಿ
ತಾನು ಸ್ಪ್ರಿಂಗಿನ ಕೋಳಿಮರಿಯಲ್ಲ ಅಂದಳು.
ನಾನೆಲ್ಲಿ ಹಾಗೆ ಅಂದಿದ್ದೆ?
ಪಬ್ಬಿನ ಟಿವಿಯಲ್ಲಿ ಯಾರೋ ಯಾರನ್ನೋ
ಜೈಲಿನಿಂದ ಹಾರಿಸಿಕೊಂಡು ಹೋದರು.
ಅದಕ್ಕೂ ಅದೇ ಪದವಂತೆ.
ಆ ರಾತ್ರಿ ಅದೊಂದು ಅರ್ಥವನ್ನು ಎರಡು ಸಲ ಬರೆದೆ
ಪುಸ್ತಕದಲ್ಲಿ, ತಮ್ಮನ ಹೆಸರಿದ್ದ ಪುಟದಲ್ಲಿ.

ಬುಧವಾರ ಲೈಬ್ರರಿಯಲ್ಲಿ ಪೆಂಬರ್ಟನ್ ಮೇಷ್ಟ್ರು:
ವಾರಕ್ಕೆ ದೊಡ್ಡಕ್ಷರ, ತಿಂಗಳಿಗೆ ದೊಡ್ಡಕ್ಷರ,
ಋತುವಿಗೆ ಮಾತ್ರ ಸಣ್ಣದೇ.
ಯಾಕೆ ಅಂತ ಕೇಳಿದವನು ನಾನೊಬ್ಬನೇ.
ಅವರು ಕಿಟಕಿಯಾಚೆಯ ಆಲಿಕಲ್ಲು ನೋಡಿ,
'ಹೇಳಿದ ದಿನ ಬರದವರಿಗೆ
ಅಷ್ಟು ಸಾಕು' ಅಂದರು.

ಕಂದು ಲಕೋಟೆ ಬಂದದ್ದು ಫೆಬ್ರವರಿಯಲ್ಲಿ.
ನಿಮ್ಮ ಅರ್ಜಿಯ ತೀರ್ಮಾನ ಸ್ಪ್ರಿಂಗಿನಲ್ಲಿ.
ಅದರ ಮುಂದೆ 'ದ' ಇರಲಿಲ್ಲ.
ಮೂರು ಸಲ ಹುಡುಕಿದೆ, ಮಡಿಕೆಯಲ್ಲಿ ಸಿಕ್ಕಿಕೊಂಡಿದೆಯೇನೋ ಎಂದು.
'ದ' ಇದ್ದರೆ ಈ ವರ್ಷದ್ದು, ಬರಲಿರುವ ಇದೇ.
ಇಲ್ಲದಿದ್ದರೆ ಯಾವ ವರ್ಷದ್ದೂ ಆದೀತು,
ಹೆಟ್ಟಿ ಸತ್ತ ಮೇಲಿನದೂ.
ಹಾಗಲ್ಲವೇ ಮೇಷ್ಟ್ರೇ?
ಎರಡೂ ಒಂದೇ ಕಣಯ್ಯ, ಅಂದರು.
ಅಂದವರು ಕನ್ನಡಕ ತೆಗೆದು ಒರೆಸಿಕೊಂಡು
ಕಾಗದವನ್ನು ಇನ್ನೊಮ್ಮೆ ಓದಿದರು.

ಅದು ಶುರುವಾಗುವುದಾದರೂ ಎಂದು?
ಮಾರ್ಚ್ ಒಂದು, ಅಂತು ರೇಡಿಯೋ.
ಇಪ್ಪತ್ತು, ಅಂತು ಗೋಡೆಯ ಕ್ಯಾಲೆಂಡರು.
ಬೇಕರಿಯವನಿಗೆ, ಗಡಿಯಾರವನ್ನು ಒಂದು ಗಂಟೆ ಮುಂದೆ ನೂಕಿ
ಒಂದು ಗಂಟೆಯ ನಿದ್ದೆ ಕಳೆದುಕೊಂಡ ಭಾನುವಾರ.
ಹೆಟ್ಟಿ ಮೊಳೆಗಳನ್ನು ಅಂಗೈಗೆ ಉಗಿದು ಹೇಳಿದಳು:
ಒಂದೇ ಹೆಜ್ಜೆಯಡಿಗೆ ಒಂಬತ್ತು ಡೇಸಿ ಸಿಕ್ಕ ದಿನ.
ನಮ್ಮಮ್ಮ ಹೇಳುತ್ತಿದ್ದದ್ದು ಅದು, ಬೇರೆಲ್ಲ ಸರ್ಕಾರದ್ದು.

ನನ್ನ ಗುಡ್ಡಗಳಲ್ಲಿ ಹೂ ಬರುವುದು ಸೆಪ್ಟೆಂಬರಿನಲ್ಲಿ.
ಮಳೆ ಹಿಂದೆಗೆದ ಮೇಲೆ ಇಳಿಜಾರಿಗೆ ಇಳಿಜಾರೇ ಹಳದಿ.
ತಮ್ಮನೂ ನಾನೂ ತೋಳ್ತುಂಬ ಕಿತ್ತು
ಹಬ್ಬದ ಸೌದೆರಾಶಿಗೆ ಸಿಕ್ಕಿಸುತ್ತಿದ್ದೆವು, ಬೆಂಕಿ ಇಡುವ ಮುಂಚೆ.
ಎಣಿಸಿದ ನೆನಪಿಲ್ಲ.
ಯಾರು ಎಣಿಸುತ್ತಿದ್ದರು?

ಇಲ್ಲಿ ಎಣಿಸಿದೆ.
ಚ್ಯಾಪೆಲಿನ ಹಿಂದಿನ ಹುಲ್ಲಿನಲ್ಲಿ, ದಿನಾ, ಊಟದ ಬಿಡುವಿನಲ್ಲಿ.
ಮಾರ್ಚ್ ಕೊನೆಗೆ ಎರಡು.
ಏಪ್ರಿಲ್ ಹತ್ತಕ್ಕೆ ಐದು, ಮರುದಿನ ಹಿಮ ಬಿದ್ದು ಒಂದೂ ಇಲ್ಲ.
ಹೆಟ್ಟಿ ತೀರಿಹೋದ ಗಂಡನ ಬೂಟು ತಂದುಕೊಟ್ಟಳು:
'ಹನ್ನೊಂದನೇ ಸೈಜು, ಹೆಚ್ಚು ಹಿಡಿಯುತ್ತದೆ.'
ಅಂಚೆಯವನು ಬೇಲಿಯಾಚೆ ನಿಂತು ನೋಡಿ
ಏನೂ ಇಲ್ಲ ಎಂದು ಕೈಯಾಡಿಸಿ ಹೋದ.

ಇವತ್ತು ಎಂಟು.
ಒಂಬತ್ತನೆಯದು ಬೂಟಿನ ಮೂತಿಯಿಂದ ಬೆರಳಗಲ ಆಚೆ
ಬಿಸಿಲಿಗೆ ಮುಖ ಕೊಟ್ಟು ಕೂತಿತ್ತು.
'ಸ್ವಲ್ಪ ಜರುಗಿಸೋ ಕಿದಾನೆ' ಅಂದಳು ಹೆಟ್ಟಿ,
'ಇಲ್ಲಿ ಯಾರು ನೋಡುತ್ತಾರೆ.'

ಜರುಗಿಸಲಿಲ್ಲ. ಕಾಲೆತ್ತಿದೆ.
ಅಡಿಯಲ್ಲಿದ್ದ ಎಂಟೂ ನೆಲಕ್ಕೆ ಅಂಟಿಕೊಂಡಿದ್ದವು,
ಒಂದಾದರೂ ಚಿಮ್ಮಲಿಲ್ಲ.
ಕೆಲಸಕ್ಕೆ ಹೊತ್ತಾಗಿತ್ತು.
ಆದರೂ ನಿಂತೆವು ಇಬ್ಬರೂ,
ಅವು ಏಳುವುದನ್ನು ನೋಡಿಕೊಂಡೇ ಹೋಗೋಣವೆಂದು.