ಒಂದು ಕೂದಲೆಳಿ

ಪೋಸ್ಟಮನ್ ದಾನಪ್ಪ ಸೈಕಲ್ ಇಳೀಲಿಲ್ಲ.
ಒಂದ ಕಾಲು ನಮ್ಮ ಪ್ರೆಸ್ಸಿನ ಕಟ್ಟೀ ಮ್ಯಾಲೆ ಊರಿ
"ಸಾವಿರದ ನೂರಾ ನಲವತ್ತಾರು" ಅಂದ.
ಯಾತಕ್ಕ?
"ಕಸ್ಟಮ್ಸು. ಕೊರಿಯಾದಿಂದ ಬಂದೈತಿ.
ನಿಮ್ಮ ಪೈಕಿ ಯಾರರ ಅದಾರೇನ್ರಿ ಅಲ್ಲೆ?"

ನಮ್ಮ ಪೈಕಿ ಮುಳಗುಂದ ದಾಟಿ ಹೋದವರ ಕಡಿಮಿ.

ಒಳಗ ಲಗ್ನಪತ್ರಿಕಿ ಓಡಿದ್ದವು, ಅರಿಷಿಣ ಬಣ್ಣದವು.
ಮಷೀನು ನಿಂದ್ರಿಸಿದೆ.
ಓಣಿ ತಿರುವಿನ್ಯಾಗ ಐದು ಜನ ಹುಡುಗ್ಯಾರು:
ನನ್ನ ವಿಭಾ, ಬಾಕಳೆಯವರ ಪ್ರತೀಕ್ಷಾ, ನಾಜ್ನೀನ್,
ಕಬಾಡಿಯವರ ಅವಳಿಜವಳಿ.
ಎಸೆಸೆಲ್ಸಿ ರಿಜಲ್ಟಿಗೂ
ಇಷ್ಟು ಉಸಿರು ಹಿಡದು ನಿಂತಿರಲಿಲ್ಲ.

ಏಳು ತಿಂಗಳ ರೊಕ್ಕ ಅದು.
ಟಾಂಗಾ ಕೂಟಿನ ಮಿರ್ಚಿ ಬಿಟ್ಟಿದ್ದು,
ಬೆಟಗೇರಿಗೆ ಟಂಟಂ ಹತ್ತದ ನಡಕೋಂತ ಬಂದಿದ್ದು,
ನಾಜ್ನೀನಳ ಈದಿ,
ಅವಳಿಜವಳಿ ಹಚ್ಚಿದ ಮೆಹಂದಿ, ಕೈಗೆ ಐವತ್ತರಂಗ.
ಎಲ್ಲಾ ಎಣಿಸಿ ಕಳಿಸಿದ್ರು.
ಗಡಿಯೊಳಗ ಬರಾಕೂ ರೊಕ್ಕ ಹತ್ತತೈತಿ ಅಂತ
ಯಾರೂ ಹೇಳಿರಲಿಲ್ಲ.

"ಹಾಡು ಫೋನಿನ್ಯಾಗ ಪುಕ್ಕಟ ಕೇಳ್ತೀರಲ್ಲ?"
"ಹಾಡು ಎಲ್ಲಾರದೂ ಅಪ್ಪಾ.
ಇದು ಮುಟ್ಟಾಕ."

ಕೊಟ್ಟೆ. ಲಗ್ನಪತ್ರಿಕಿ ಅಡ್ವಾನ್ಸಿನ್ಯಾಗಿಂದ.

ಕಟಿಂಗ್ ಮಷೀನಿನ ಮ್ಯಾಲೆ ಪೆಟ್ಟಿಗಿ ಬಿಚ್ಚಿದ್ರು,
ಬ್ಲೇಡು ಬ್ಯಾಡಂತ, ಉಗುರಿಲೆ.
ಒಂದು ಪುಸ್ತಕ, ಒಂದು ಪೋಸ್ಟರು, ಒಂದು ಸೀಡಿ
(ಸೀಡಿ ಹಾಕೂ ಮಷೀನು ಐದೂ ಮನ್ಯಾಗ ಇಲ್ಲ),
ಕಡೀಕ ಒಂದು ಕಾರ್ಡು, ಅಂಗೈಯಷ್ಟೂ ಇಲ್ಲ,
ಅದರಾಗ ಒಬ್ಬ ಹುಡುಗ, ನೀಲಿ ಕೂದಲದಂವ.

ಸುಮ್ಮನಾದ್ರು.
ಒಂಬತ್ತು ಮಂದಿಯೊಳಗ ಯಾರು ಬರ್ತಾರ ಅನ್ನೂದು
ಪೆಟ್ಟಿಗಿಯ ಮರ್ಜಿಯಂತ.
ಐವರೊಳಗ ಯಾರಿಗೂ ಬೇಕಾದಂವ ಅಲ್ಲಂತ ಇಂವ.

ನಾ ಇಸಗೊಂಡು ಬೆರಳಿನ್ಯಾಗ ಬಗ್ಗಿಸಿದೆ.
ಮುನ್ನೂರು ಜಿಎಸ್ಸೆಮ್ಮು, ನಾಕ ಬಣ್ಣ,
ಮ್ಯಾಟ್ ಲ್ಯಾಮಿನೇಷನ್ನು, ಮೂಲಿ ಗುಂಡು ಕಟ್ಟು.
"ಎರಡು ರೂಪಾಯಿ ಬೀಳತೈತಿ ನನಗ.
ಒಂಬತ್ತೂ ಮಂದೀನ ಸಂಜೀಕ ಹೊಡದ ಕೊಡ್ತೀನಿ,
ಒಬ್ಬೊಬ್ಬರಿಗೂ ಒಂದೊಂದು ಸೆಟ್ಟು."

ವಿಭಾ ನನ್ನ ನೋಡಿದ್ಲು,
ಖೊಟ್ಟಿ ನೋಟು ಹೊಡೀತೀನಿ ಅಂದಂಗ.

ಇಪ್ಪತ್ತಾರು ವರ್ಷ ದೇವರ ಕ್ಯಾಲೆಂಡರ್ ಹೊಡದಂವ ನಾ.
ಇದು ಖರೇ ಲಕ್ಷ್ಮಿಯೋ ನಕಲೋ ಅಂತ
ಒಬ್ಬರರ ಕೇಳ್ಯಾರೇನು?
ಬಾಯಿಗೆ ಬಂತು. ನುಂಗಿದೆ.

ಮಾತು ನುಂಗಿದಂವ ಏನ ಮಾಡತಾನ,
ಭೂತಗನ್ನಡಿ ಹಿಡಿದೆ. ಕಣ್ಣು ಹಚ್ಚಿದೆ.
ಬರೇ ಚುಕ್ಕಿ ಹುಡುಗ. ಹಳದಿ, ಕರಿ, ನೀಲಿ
ಕುಂತಲ್ಲೇ ಕುಂತಾವ. ಕೆಳದುಟಿ ಅಂಚಿನ್ಯಾಗ ಮಜಂಟಾ
ಹೊರಗ ಬಂದೈತಿ,
ಒಂದು ಕೂದಲೆಳಿ.

ನಕ್ಕಬಿಟ್ಟೆ.
ಅಲ್ಲೂ ಒಬ್ಬಂವ ಅದಾನ!
ಸರಹೊತ್ತಿನ್ಯಾಗ ಶೀಟು ಜರದಿದ್ದು ನೋಡಿಯೂ
"ಹೋಗಲಿ ಬಿಡು, ಯಾರ ನೋಡ್ತಾರ" ಅಂದಂವ,
ಸೀಮಿಎಣ್ಣಿ ಅರಿವಿಲೆ ಕೈ ಒರಸಿಕೊಂಡಂವ.

"ಬರ್ರಿ ಇಲ್ಲೆ, ಇದು ತಪ್ಪಾಗೇತಿ" ಅಂದೆ.
ಐದೂ ಮಂದಿ ಪಾಳಿ ಹಚ್ಚಿ ನೋಡಿದ್ರು.
ನಾಜ್ನೀನ್ ಬಾಳ ಹೊತ್ತು ಕಣ್ಣ ತಗೀಲಿಲ್ಲ:
"ಕಾಕಾ, ಹಂಗಾದ್ರ ಇಂಥಾದ್ದು ಇದೊಂದ ಇರತೈತೇನ್ರಿ?"

ಒಂದು ಶೀಟು ಜರೀತಂದ್ರ
ಹಿಂದ ಬರೂ ಸಾವಿರ ಶೀಟೂ ಜರದಿರತಾವ.
ನನಗ ಗೊತ್ತಿಲ್ಲೇನು.
"ಇದೊಂದ" ಅಂದೆ.

ಈಗ ಆ ಕಾರ್ಡು ವಾರಕ್ಕೊಬ್ಬರ ಮನ್ಯಾಗ.
ಯಾರಿಗೂ ಬ್ಯಾಡಾದಂವನ ಸಲುವಾಗಿ
ಪಾಳಿ ತಪ್ಪಿದ್ರ ಜಗಳಾ.
ಸೀಡಿ ನನ್ನ ಕಿಡಕಿಗೆ ತೂಗಬಿಟ್ಟಾರ,
ಗುಬ್ಬಿ ಒಳಗ ಬರಬಾರದಂತ. ಬರ್ತಾವ.

ಲಗ್ನದವರು ಬಂದು
ಪತ್ರಿಕಿ ಯಾಕ್ರಿ ಇಷ್ಟು ತಡಾ ಅಂದ್ರು.
ಕಸ್ಟಮ್ಸು, ಅಂದೆ.